ದವಡೆಯ ಸ್ನಾಯುನೋವು: ಹಲ್ಲು ಕೀಳಿಸುವ ಮುನ್ನ

2008ರಲ್ಲಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಶಂಶಾಬಾದಿನಲ್ಲಿ ರಾತ್ರಿಪಾಳಿಯ ದುಡಿಮೆ ಸಾಮಾನ್ಯವಾಗಿದೆ. ಅಲ್ಲಿನ ಉದ್ಯೋಗಿಯೊಬ್ಬರನ್ನು ಊಹಿಸಿಕೊಳ್ಳೋಣ. ಅವರು ಹಲವು ತಿಂಗಳಿಂದ ಎದ್ದೊಡನೆ ಕೆನ್ನೆ ಬಿಗಿದು, ಕಣತಲೆ ನೋಯುವುದನ್ನು ಅನುಭವಿಸುತ್ತಿದ್ದಾರೆ. ಊರಿನಿಂದ ಬಂದ ಕಟಕು ರೊಟ್ಟಿಯನ್ನು ಅಗಿಯಲಾಗದು. ಹಲ್ಲುನೋವೆಂದೇ ಭಾವಿಸಿ ಒಂದು ದವಡೆಹಲ್ಲನ್ನು ಕೀಳಿಸಿಕೊಳ್ಳುತ್ತಾರೆ. ನೋವು ಮಾತ್ರ ಹಾಗೆಯೇ ಉಳಿಯುತ್ತದೆ.

ಇಂತಹ ನೋವಿನ ಮೂಲ ಅನೇಕ ವೇಳೆ ಹಲ್ಲಿನಲ್ಲಿರದೆ, ಅಗಿಯುವ ಸ್ನಾಯುಗಳಲ್ಲಿರುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವುದು, ಚಿಂತೆಯಿಂದ ಹಗಲೆಲ್ಲ ದವಡೆ ಬಿಗಿಹಿಡಿಯುವುದು, ನಿದ್ರಾಭಂಗ, ಸದಾ ಅಡಿಕೆ ಅಗಿಯುವ ಅಭ್ಯಾಸ ಇವು ಆ ಸ್ನಾಯುಗಳನ್ನು ದಣಿಸುತ್ತವೆ. ಮೂರು ತಿಂಗಳು ಮೀರಿದರೆ ಅದು ದೀರ್ಘಕಾಲದ ನೋವೆನಿಸುತ್ತದೆ.

1934ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಕಾಸ್ಟನ್ ಇಂತಹ ತೊಂದರೆಗಳಿಗೆ ಹಲ್ಲುಗಳ ನಷ್ಟದಿಂದ ದವಡೆಯ ಸ್ಥಾನ ಕೆಡುವುದೇ ಕಾರಣವೆಂದು ವಾದಿಸಿದರು. ಆ ಬಳಿಕ ಹಲ್ಲುಗಳನ್ನು ಉಜ್ಜಿ ಕಚ್ಚುವಿಕೆಯನ್ನು ಸರಿಪಡಿಸುವ ಚಿಕಿತ್ಸೆಗಳು ಬಹುಕಾಲ ನಡೆದವು. ಇಂದಿನ ವೈದ್ಯಶಾಸ್ತ್ರ ಅದನ್ನು ಸಮರ್ಥಿಸುವುದಿಲ್ಲ. 2023ರ ಡಿಸೆಂಬರಿನಲ್ಲಿ ಬಿ.ಎಂ.ಜೆ. ವೈದ್ಯಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿಯು ಸರಳ ಉಪಾಯಗಳಿಗೇ ಅಗ್ರಸ್ಥಾನ ನೀಡಿದೆ: ತಜ್ಞರ ಮೇಲ್ವಿಚಾರಣೆಯಲ್ಲಿ ದವಡೆಯ ವ್ಯಾಯಾಮ, ಭಂಗಿ ತಿದ್ದುವ ವ್ಯಾಯಾಮ, ನೋವಿನ ಗಂಟುಗಳನ್ನು ಕೈಯಿಂದ ಒತ್ತಿ ಸಡಿಲಿಸುವ ಚಿಕಿತ್ಸೆ, ಮತ್ತು ಮನಸ್ಸಿನ ಒತ್ತಡವನ್ನು ನಿಭಾಯಿಸಲು ಕಲಿಸುವ ಆಪ್ತಸಲಹೆ. ರಾತ್ರಿ ಹಲ್ಲಿಗೆ ತೊಡಿಸುವ ಪಟ್ಟಿ, ಬೊಟಾಕ್ಸ್ ಚುಚ್ಚುಮದ್ದು ಇವು ನೋವುಶಮನಕ್ಕೆ ಅಷ್ಟಾಗಿ ನೆರವಾಗವೆಂದೇ ಅದರ ಅಭಿಮತ. ಪಟ್ಟಿಯು ಹಲ್ಲು ಸವೆಯದಂತೆ ಕಾಪಾಡಬಹುದು, ಅಷ್ಟೆ.

ಮನೆಯಲ್ಲಿ ಪಾಲಿಸಬೇಕಾದುದು ಸುಲಭ. ತುಟಿಗಳು ಕೂಡಿರಲಿ, ಹಲ್ಲುಗಳು ಬಿಡಿಯಾಗಿರಲಿ; ಊಟ ಮಾಡದಿರುವಾಗ ಮೇಲಿನ ಹಾಗೂ ಕೆಳಗಿನ ಹಲ್ಲುಗಳು ತಾಗಬೇಕಾಗಿಲ್ಲ. ಬೆಚ್ಚನೆಯ ಒದ್ದೆಬಟ್ಟೆಯ ಶಾಖ ಹಿತಕರ. ಕೆಲವು ವಾರ ಮೆತ್ತನೆಯ ಅನ್ನ, ಮುದ್ದೆ ಸೇವಿಸಿ, ಅಡಿಕೆಯನ್ನು ದೂರವಿಡಬೇಕು. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನೋವಿನ ಗುಳಿಗೆ ನುಂಗುವುದು ಸಲ್ಲದು.

ಆದರೂ ಕೆಲವು ಲಕ್ಷಣಗಳನ್ನು ಅಲಕ್ಷಿಸಬಾರದು. ದವಡೆನೋವಿನೊಡನೆ ಎದೆಭಾರ, ಬೆವರು, ಉಸಿರುಕಟ್ಟು ಕಂಡರೆ ಅದು ಹೃದಯಾಘಾತವಿರಬಹುದು; ತಕ್ಷಣ ಆಸ್ಪತ್ರೆ ಸೇರಬೇಕು. ಐವತ್ತು ದಾಟಿದವರಲ್ಲಿ ಅಗಿಯುವಾಗ ನೋವು, ಹೊಸ ತಲೆನೋವು, ದೃಷ್ಟಿಮಾಂದ್ಯ ಒಟ್ಟಾಗಿ ಬಂದರೆ ರಕ್ತನಾಳದ ಉರಿಯೂತದ ಶಂಕೆಯಿದೆ. ಅಂದೇ ಚಿಕಿತ್ಸೆ ದೊರೆಯದಿದ್ದರೆ ಕಣ್ಣಿಗೆ ಅಪಾಯ. ಅಡಿಕೆ, ಗುಟ್ಕಾ ಅಗಿಯುವವರಿಗೆ ಬಾಯಿ ತೆರೆಯುವುದೇ ಕಷ್ಟವಾಗುತ್ತ ಬಂದರೆ ಅದು ಕ್ಯಾನ್ಸರಿಗೆ ತಿರುಗಬಲ್ಲ ಬೇರೊಂದು ವ್ಯಾಧಿ.

ಉಳಿದವರು ನಿಧಾನವಾಗಿ ಪರೀಕ್ಷಿಸಿಕೊಳ್ಳಬಹುದು. ಹೈದರಾಬಾದಿನ ಅಫ್ಜಲ್‌ಗಂಜಿನಲ್ಲಿ ಸರ್ಕಾರಿ ದಂತವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯಿದೆ. ಹಲ್ಲು ಕೀಳಿಸುವ ಅಥವಾ ಉಜ್ಜಿಸುವ ಮುನ್ನ "ಇದು ಹಲ್ಲಿನ ನೋವೋ, ಸ್ನಾಯುವಿನ ನೋವೋ?" ಎಂದು ವೈದ್ಯರನ್ನು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಕಿತ್ತ ಹಲ್ಲು ಮರಳಿ ಬಾರದು; ದಣಿದ ಸ್ನಾಯುವಾದರೋ ವಿಶ್ರಾಂತಿ ದೊರೆತರೆ ಬಹುಪಾಲು ಚೇತರಿಸಿಕೊಳ್ಳುತ್ತದೆ.