ವಿವಾಹ ಸಂಸ್ಕಾರವೂ ಛಾಯಾಚಿತ್ರವೂ

ಫಿಲಂ ರೋಲು ಬಳಕೆಯಲ್ಲಿದ್ದ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳು ದೊರೆಯುತ್ತಿದ್ದವು. ಎರಡನೆಯ ರೋಲು ಮುಗಿಯಿತೆಂದರೆ ಹೆಣ್ಣಿನ ತಂದೆಯ ಮುಖದಲ್ಲಿ ಲೆಕ್ಕಾಚಾರ ಕಾಣುತ್ತಿತ್ತು. ಯಾವ ಗಳಿಗೆ ಚಿತ್ರಕ್ಕೆ ಯೋಗ್ಯವೆಂಬ ವಿವೇಚನೆಯನ್ನು ಆಗ ಖರ್ಚೇ ಕಲಿಸುತ್ತಿತ್ತು. ಇಂದು ಆ ಮಿತಿ ಇಲ್ಲ. ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿದು ಹಣ ಕೂಡಿಸಿದ ಕುಟುಂಬಗಳ ಮದುವೆಗೂ ಇಬ್ಬರು ಛಾಯಾಗ್ರಾಹಕರು, ವಿಡಿಯೋದವರು, ಇವರೆಲ್ಲರ ಹಿಂದೆ ಬಂಧುಗಳ ಮೊಬೈಲುಗಳು. ಸಂತೋಷವನ್ನು ಚಿತ್ರದಲ್ಲಿ ಉಳಿಸಿಕೊಳ್ಳುವ ಬಯಕೆಯನ್ನು ನಾವು ಹೀಗಳೆಯುವುದಿಲ್ಲ. ಎಲ್ಲವನ್ನೂ ಸೆರೆಹಿಡಿಯುವ ಭರದಲ್ಲಿ ಮುಖ್ಯವಾದುದೇ ಕೈತಪ್ಪುತ್ತಿದೆಯೆಂಬುದು ನಮ್ಮ ಆತಂಕ.

ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿ. ಬೇರಾವ ಮಾನವಶಕ್ತಿಯೂ ಅದರ ಸ್ಥಾನವನ್ನು ತುಂಬಲಾರದೆಂದು 1983ರ ಧರ್ಮಸಭೆಯ ಕಾನೂನಿನ 1057ನೆಯ ವಿಧಿ ಹೇಳುತ್ತದೆ. ನಮ್ಮ ಲತೀನ್ ಸಂಪ್ರದಾಯದಲ್ಲಿ ಈ ಸಂಸ್ಕಾರವನ್ನು ಪರಸ್ಪರ ನೀಡುವವರು ವಧೂವರರೇ. ಗುರುಗಳಾದ ನಾವು ಧರ್ಮಸಭೆಯ ಹೆಸರಿನಲ್ಲಿ ಆ ಸಮ್ಮತಿಯನ್ನು ಕೇಳಿ ಸ್ವೀಕರಿಸುವವರು. ಉಂಗುರ, ಮಾಂಗಲ್ಯಗಳು ಅದರ ಕುರುಹುಗಳು. ಕುರುಹು ಕಣ್ಣಿಗೆ ಕಾಣುತ್ತದೆ. ಸಮ್ಮತಿಯಾದರೋ ನುಡಿ, ಅದು ಕಿವಿಗೆ ಸೇರಿದ್ದು. ವಿಡಿಯೋ ಧ್ವನಿಯನ್ನೂ ಹಿಡಿಯುತ್ತದೆಯಲ್ಲ ಎಂದು ಕೆಲವರು ಕೇಳಬಹುದು. ಆ ಧ್ವನಿಯನ್ನು ಅಳಿಸಿ ಚಲನಚಿತ್ರ ಗೀತೆಯೊಂದನ್ನು ಸೇರಿಸಿ ಕೊಡುವುದನ್ನು ನಾವು ಕಂಡಿದ್ದೇವೆ.

ಆದರೂ ಸರಿಯಾಗಿ ಅದೇ ಗಳಿಗೆಗೆ "ಸಾರ್, ಮೇಡಂ, ಇಲ್ಲಿ ನೋಡಿ" ಎಂಬ ಕೂಗು ಕೇಳಿಬರುತ್ತದೆ. ಬದುಕಿನುದ್ದಕ್ಕೂ ಜೊತೆಗಿರುವೆನೆಂದು ಒಬ್ಬರಿಗೊಬ್ಬರು ಮಾತು ಕೊಡುವವರು ಮೂರನೆಯವನ ಮುಖ ನೋಡುತ್ತಾರೆ. ಮಾಂಗಲ್ಯದ ಗಂಟು ಬಿದ್ದ ಮೇಲೆ ಇನ್ನೊಮ್ಮೆ ಕಟ್ಟಿದಂತೆ ಮಾಡಬೇಕಂತೆ! ಆಗ ಆಲ್ಬಮಿನಲ್ಲಿ ಉಳಿಯುವುದು ನಟನೆಯ ಚಿತ್ರವೇ ಹೊರತು ಮದುವೆಯದಲ್ಲ.

ಈ ಕಳವಳ ಹೊಸದೇನಲ್ಲ. 1967ರ ಮೇ 25ರಂದು ಪರಮಪ್ರಸಾದವನ್ನು ಕುರಿತು ರೋಮಿನಿಂದ ಹೊರಟ ನಿರ್ದೇಶನವು, ಛಾಯಾಚಿತ್ರ ತೆಗೆಯುವುದರಿಂದ ಪೂಜಾವಿಧಿಗೆ ಭಂಗ ಬರಕೂಡದು, ತಕ್ಕ ಕಾರಣವಿದ್ದಲ್ಲಿ ಬಹು ಮಿತವಾಗಿ, ಸ್ಥಳೀಯ ಧರ್ಮಾಧ್ಯಕ್ಷರ ನಿಯಮದಂತೆ ತೆಗೆಯಬೇಕು ಎಂದಿತು. ನಿಷೇಧಿಸಲಿಲ್ಲ, ಮಿತಿ ಹಾಕಿತು. 2017ರ ನವೆಂಬರ್ 8ರಂದು ಜಗದ್ಗುರು ಫ್ರಾನ್ಸಿಸರು, ಹೃದಯಗಳನ್ನು ಮೇಲೆತ್ತಲು ಕರೆಯುವಾಗ ಮೊಬೈಲುಗಳು ಮೇಲೇಳುವುದನ್ನು ಕಂಡು ನೊಂದು ಮಾತನಾಡಿದರು. ಗುರುಗಳನ್ನೂ ಧರ್ಮಾಧ್ಯಕ್ಷರನ್ನೂ ಅವರು ಬಿಡಲಿಲ್ಲ.

ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ಕಾನಾ ಊರಿನ ಮದುವೆಯನ್ನು ನೆನೆಯೋಣ. ಶುಭಸಂದೇಶಕಾರ ಸಂತ ಯೊವಾನ್ನರು ಆ ವಧುವಿನ ಪ್ರಸ್ತಾಪವನ್ನೇ ಮಾಡುವುದಿಲ್ಲ, ವರನ ಹೆಸರನ್ನೂ ಹೇಳುವುದಿಲ್ಲ. ಅವರು ನಮಗೆ ಉಳಿಸಿಕೊಟ್ಟದ್ದು ದ್ರಾಕ್ಷಾರಸ ಮುಗಿದ ಗಳಿಗೆಯನ್ನು, ಅದನ್ನು ಗಮನಿಸಿದ ಮಾತೆಯನ್ನು, ಆರು ಕಲ್ಲಿನ ಬಾನೆಗಳನ್ನು, ಅವುಗಳಿಗೆ ನೀರು ತುಂಬಿದ ಸೇವಕರನ್ನು. ಮದುಮಕ್ಕಳನ್ನು ಬಿಟ್ಟು ಒಳಮನೆಯತ್ತ ತಿರುಗಿದ ದೃಷ್ಟಿ ಅದು.

ನಮ್ಮ ಮದುವೆಗಳಲ್ಲಿಯೂ ಅಂತಹ ಗಳಿಗೆಗಳಿಗೆ ಕೊರತೆಯಿಲ್ಲ. ಮನೆಯಿಂದ ಹೊರಡುವ ಮುನ್ನ ಮಗಳ ಹಣೆಗೆ ಶಿಲುಬೆಯ ಗುರುತು ಹಾಕುವ ತಂದೆ. ರಾತ್ರಿ ಬಸ್ಸಿನಲ್ಲಿ ಊರಿನಿಂದ ಬಂದಿಳಿದ ಸೋದರಮಾವ. ಹಬೆಯ ನಡುವೆ ನಿಂತ ಅಡುಗೆಯವರು. ಮಂಡಿನೋವಿನಿಂದ ಹಿಂದಿನ ಬೆಂಚಿನಲ್ಲೇ ಕುಳಿತ ಅಜ್ಜಿ. ನಮ್ಮ ಧರ್ಮಕೇಂದ್ರದ ಕುಟುಂಬವೊಂದರಲ್ಲಿ ಮದುವೆಯಾದ ವರ್ಷದೊಳಗೆ ಅಜ್ಜಿ ತೀರಿಕೊಂಡರು. ಸಾವಿರಾರು ಚಿತ್ರಗಳಲ್ಲಿ ಹುಡುಕಿದಾಗ ಮೊಮ್ಮಕ್ಕಳಿಗೆ ಸಿಕ್ಕಿದ್ದು ಅವರ ಸೆರಗು ಮತ್ತು ಅರ್ಧ ಮುಖ. ಅದೇ ಆಲ್ಬಮಿನಲ್ಲಿ ವಧುವಿನ ಪಾದರಕ್ಷೆಗೆ ಎರಡು ಪುಟಗಳಿದ್ದವು.

ದಾಖಲೆ ಪುಸ್ತಕಕ್ಕೆ ಸಹಿ ಹಾಕುವ ಗಳಿಗೆಯನ್ನೂ ಮರೆಯಬಾರದು. ವಧೂವರರ, ಇಬ್ಬರು ಸಾಕ್ಷಿಗಳ ಹೆಸರು ಅಲ್ಲಿ ಶಾಶ್ವತವಾಗಿ ನಿಲ್ಲುತ್ತವೆ. ಆ ಹೊತ್ತಿಗೆ ಛಾಯಾಗ್ರಾಹಕರು ಸಾಮಾನ್ಯವಾಗಿ ಬಾಗಿಲಲ್ಲಿ ಹೂಮಳೆಯ ಸಿದ್ಧತೆಯಲ್ಲಿರುತ್ತಾರೆ.

ಅವರಲ್ಲಿ ಅನೇಕರು ಕ್ರೈಸ್ತರಲ್ಲ. ಪೂಜೆಯ ಕ್ರಮ ತಿಳಿಯದಿರುವುದು ಅವರ ತಪ್ಪಲ್ಲ. ಹಿಂದಿನ ದಿನ ಅವರನ್ನು ದೇವಾಲಯಕ್ಕೆ ಕರೆತನ್ನಿರಿ, ನಿಲ್ಲುವ ಜಾಗ ತೋರಿಸುತ್ತೇವೆ. ಸಮ್ಮತಿಯ ವೇಳೆ ಒಬ್ಬರೇ, ಬದಿಯಿಂದ, ಫ್ಲಾಶ್ ಇಲ್ಲದೆ. ಪರಮಪ್ರಸಾದ ಸ್ವೀಕರಿಸುವಾಗ ಬೇಡವೇ ಬೇಡ. ಗುಂಪುಚಿತ್ರಗಳಿಗೆ ಪೂಜೆಯ ನಂತರ ಸಮಯವಿದೆ. ತೆಗೆಯಬೇಕಾದವರ ಪಟ್ಟಿಯನ್ನು ಮನೆಯ ಹಿರಿಯರೇ ಕುಳಿತು ಬರೆದು ಅವರ ಕೈಗೆ ಕೊಡಲಿ, ಹಿಂದಿನ ಬೆಂಚಿನವರಿಂದ ಪ್ರಾರಂಭಿಸಿ.