ಫಲಿತಾಂಶ ಮತ್ತು ಪರಿಣಾಮ: ಅರ್ಥಭೇದದ ವಿವೇಚನೆ

ಇಂಗ್ಲಿಷಿನ 'ರಿಸಲ್ಟ್' ಮತ್ತು 'ಕಾನ್ಸಿಕ್ವೆನ್ಸ್' ಎಂಬ ಪದಗಳನ್ನು ಸಮಾನಾರ್ಥಕಗಳೆಂದು ಬಳಸುವುದು ವಾಡಿಕೆ. ಆದರೆ ಮೊದಲನೆಯದು 'ಹಿಂದಕ್ಕೆ ಪುಟಿ' ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದಲೂ ಎರಡನೆಯದು 'ಹಿಂಬಾಲಿಸಿ ಬರು' ಎಂಬರ್ಥದ ಕ್ರಿಯಾಪದದಿಂದಲೂ ಹುಟ್ಟಿವೆ. ಲೆಕ್ಕ, ಪಂದ್ಯ, ಪರೀಕ್ಷೆಗಳು ಮುಗಿದಲ್ಲಿ ದೊರೆಯುವುದು ರಿಸಲ್ಟ್; ಕೃತ್ಯವೊಂದನ್ನು ಅನುಸರಿಸಿ ಬರುವ, ಬಹುಮಟ್ಟಿಗೆ ಅಹಿತವಾದ, ಕರ್ತೃವನ್ನು ಹೊಣೆಯಾಗಿಸುವಂಥದು ಕಾನ್ಸಿಕ್ವೆನ್ಸ್. 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ಹೇಳುವುದು ಈ ಎರಡನೆಯದನ್ನೇ. ಕನ್ನಡದ ಫಲಿತಾಂಶ, ಪರಿಣಾಮಗಳು ಹೆಚ್ಚುಕಡಿಮೆ ಇದೇ ಅಂತರವನ್ನು ಕಾಯ್ದುಕೊಂಡಿವೆ. ಚುನಾವಣೆಯ ಫಲಿತಾಂಶ ಒಂದು ದಿನ ಹೊರಬೀಳುತ್ತದೆ. ಅದರ ಪರಿಣಾಮ ಐದು ವರ್ಷ ನಡೆಯುತ್ತದೆ. ಹೆಚ್ಚುಕಡಿಮೆ ಎನ್ನಲು ಕಾರಣ, ನಮ್ಮ ಪರಿಣಾಮಕ್ಕೆ ಅಹಿತದ ಛಾಯೆ ಅಷ್ಟಾಗಿ ಇಲ್ಲ. 'ಪರಿಣಾಮಕಾರಿ' ಎಂಬುದು ಪ್ರಶಂಸೆಯೇ.

ಈ ಅಂತರ ಕದಡುವುದು ಭಾಷೆಗಳು ಸಂಧಿಸುವ ಊರುಗಳಲ್ಲಿ. ಹೈದರಾಬಾದಿನ ಸನತ್‌ನಗರ ಅಂಥದೊಂದು ಕೈಗಾರಿಕಾ ಬಡಾವಣೆ. ಅದರ ಹೆಸರೇ ಎಡವಿಸುವಂಥದು: ಸಂಸ್ಕೃತ ಬಲ್ಲವರಿಗೆ ಸನತ್ಕುಮಾರನ ನೆನಪಾಗಬಹುದು, ಇಲ್ಲಿನ 'ಸನತ್' ಮಾತ್ರ ಕೈಗಾರಿಕೆ ಎಂಬರ್ಥದ, ಅರಬ್ಬೀ ಮೂಲದ ಉರ್ದು ಪದ. ಹಿಂದಿ, ತೆಲುಗು, ಉರ್ದುಗಳ ನಡುವೆ ಬಾಳುವ ಕನ್ನಡಿಗನಿಗೆ ಅಲ್ಲಿ 'ಪರಿಣಾಮ'ದ ಅರ್ಥ ಭಾಷೆಯಿಂದ ಭಾಷೆಗೆ ಬದಲಾಗುತ್ತದೆ. ಹಿಂದಿಯ 'ಪರೀಕ್ಷಾ ಪರಿಣಾಮ್' ನಮ್ಮ ಫಲಿತಾಂಶವೇ. ತೆಲುಗಿನಲ್ಲಿ ಪರೀಕ್ಷೆಗೆ 'ಫಲಿತಾಲು'. 'ಪರಿಣಾಮಂ' ಎಂದರೆ ಬೆಳವಣಿಗೆ, ಮಾರ್ಪಾಡು. ಜೀವವಿಕಾಸಕ್ಕೂ ಅದೇ ಪದ. ಉರ್ದುವಿನ 'ನತೀಜಾ' ಫಲಿತಾಂಶ, ಪರಿಣಾಮಗಳೆರಡನ್ನೂ ಒಳಗೊಳ್ಳುತ್ತದೆ. ಇವುಗಳಲ್ಲಿ ತೆಲುಗಿನ ಬಳಕೆ ಶಾಸ್ತ್ರಾರ್ಥಕ್ಕೆ ಹತ್ತಿರವಾದುದು: ಸಾಂಖ್ಯರ ಪರಿಣಾಮವಾದದಲ್ಲಿ ಹಾಲು ಮೊಸರಾಗುವುದು ಪರಿಣಾಮ. ವಚನಕಾರರಲ್ಲಂತೂ ಇದು ತೃಪ್ತಿ, ನೆಮ್ಮದಿ ಎಂಬರ್ಥಕ್ಕೆ ತಿರುಗಿದೆ. ಇಂದಿನ ಅರ್ಥವನ್ನಿಟ್ಟುಕೊಂಡು ವಚನ ಓದುವ ವಿದ್ಯಾರ್ಥಿ ದಾರಿ ತಪ್ಪುವುದು ಖಂಡಿತ.

ಇದು ಕೇವಲ ನಿಘಂಟಿನ ಜಿಜ್ಞಾಸೆಯಲ್ಲ. ಸನತ್‌ನಗರದಲ್ಲಿ ಕಾರ್ಮಿಕರಿಗಾಗಿ ಇ.ಎಸ್.ಐ. ಆಸ್ಪತ್ರೆಯಿದೆ. ಇಂಥ ಆಸ್ಪತ್ರೆಗಳ ಕಾಗದವನ್ನು ಕನ್ನಡಕ್ಕೆ ತರುವಾಗ, ರಕ್ತಪರೀಕ್ಷೆಯಲ್ಲಿ ಕಂಡುದು ಫಲಿತಾಂಶ. ಕಾರ್ಖಾನೆಯ ದೂಳಿನಿಂದ ಶ್ವಾಸಕೋಶಕ್ಕಾದುದು ಪರಿಣಾಮ. ಹಿಂದಿಯನ್ನನುಸರಿಸಿ 'ಪರೀಕ್ಷೆಯ ಪರಿಣಾಮ' ಎಂದು ಬರೆದರೆ, ಪರೀಕ್ಷೆಯಿಂದಲೇ ರೋಗಿಗೆ ಏನೋ ಆಯಿತೆಂದು ಕನ್ನಡ ಓದುಗ ಗ್ರಹಿಸುತ್ತಾನೆ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯು ಉದ್ಯೋಗಜನ್ಯ ಹಾನಿಯನ್ನು ನಿರೂಪಿಸುವಾಗ, ಅದು ಉದ್ಯೋಗದಿಂದಲೇ, ಉದ್ಯೋಗದಲ್ಲಿರುವಾಗಲೇ ಉಂಟಾಗಿರಬೇಕೆಂದು ಹೇಳಿತ್ತು. ಕಾರ್ಮಿಕನ ಹಕ್ಕು ನಿಂತಿದ್ದುದು ಈ ಕಾರ್ಯಕಾರಣ ಸಂಬಂಧದ ಮೇಲೆ. 'ದೂಳಿನ ಫಲಿತಾಂಶ' ಎಂದು ಬರೆದ ಕಾಗದ ಆ ಸಂಬಂಧವನ್ನು ಮಸುಕುಗೊಳಿಸುತ್ತದೆ. 'ದೂಳಿನ ಪರಿಣಾಮ' ಎಂದರೆ ಹಾನಿ ಎಲ್ಲಿಂದ ಬಂದಿತೆಂಬುದು ಸ್ಪಷ್ಟವಾಗುತ್ತದೆ.