ಲೇಪವೋ ತೊಗಟೆಯೋ? — ಅಲ್ಯೂಮಿನಿಯಂ ಕಾಠಿನ್ಯವಿಧಾನದ ಒಂದು ಪದವಿಚಾರ

ಅಲ್ಯೂಮಿನಿಯಂ ಲಘುವಾದ ಲೋಹ. ತಾಮ್ರ, ಮೆಗ್ನೀಸಿಯಂ ಮೊದಲಾದುವನ್ನು ಬೆರಸಿದರೆ ಅದಕ್ಕೆ ಬಲವೂ ಬರುತ್ತದೆ. ಆದರೆ ಅದರ ಮೈ ಮೆದುವಾದುದರಿಂದ ಒಂದನ್ನೊಂದು ಉಜ್ಜುವ ಯಂತ್ರಭಾಗಗಳು ಬೇಗನೆ ಸವೆಯುತ್ತವೆ. ಈ ದೋಷದ ಪರಿಹಾರಕ್ಕಾಗಿ ಮೇಲ್ಮೈಯನ್ನು ಗಟ್ಟಿಮಾಡುವ ಕ್ರಮವನ್ನು ‘ಲೇಪನ’ವೆಂದುಬಿಡುವುದು ಸುಲಭ. ಆ ಹೆಸರು ವಸ್ತುಸ್ಥಿತಿಗೆ ಒಪ್ಪುವುದೇ ಎಂಬುದೇ ಇಲ್ಲಿಯ ವಿಚಾರ.

ಮೊದಲು ಕ್ರಮವನ್ನು ತಿಳಿಯೋಣ. ಲೋಹದ ಭಾಗವನ್ನು ನೀರು ಬೆರಸಿದ ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ತಿನ ಧನಧ್ರುವಕ್ಕೆ ಸೇರಿಸುತ್ತಾರೆ. ಆಮ್ಲಜನಕವು ಲೋಹದೊಡನೆ ಕೂಡಿ ಆಕ್ಸೈಡಿನ ಪದರವಾಗುತ್ತದೆ. 1923ರಲ್ಲಿ ಇಂಗ್ಲೆಂಡಿನ ಬೆಂಗೊ ಮತ್ತು ಸ್ಟುವರ್ಟ್ ಎಂಬುವರು ಕ್ರೋಮಿಕಾಮ್ಲದಿಂದ ಇದನ್ನು ಸಾಧಿಸಿದರು; ಗಂಧಕಾಮ್ಲದ ಕ್ರಮವು 1927ರಲ್ಲಿ ಬಂದಿತು. ಆಮ್ಲವು ಪದರವನ್ನು ಬೆಳೆಯಗೊಡುತ್ತಲೇ ಕರಗಿಸುತ್ತಲೂ ಇರುತ್ತದೆ. ಆದುದರಿಂದ ಗಟ್ಟಿಯಾದ ಪದರ ಬೇಕಾದಲ್ಲಿ ದ್ರಾವಣವನ್ನು 0 ಡಿಗ್ರಿ ಸೆಂಟಿಗ್ರೇಡಿನ ಸಮೀಪದಲ್ಲಿಟ್ಟು ವಿದ್ಯುತ್ತನ್ನು ಹೆಚ್ಚಿಸುತ್ತಾರೆ. ಆಗ ಕರಗುವಿಕೆ ಮಂದವಾಗಿ, ದಟ್ಟವಾದ ಪದರವು ಸಾಮಾನ್ಯವಾಗಿ 25ರಿಂದ 100 ಮೈಕ್ರಾನ್‌ವರೆಗೆ ಬೆಳೆಯುತ್ತದೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್.

ಲೇಪವೆಂದರೆ ಹೊರಗಿನಿಂದ ಬಳಿದದ್ದು. ಒಳಗಿನ ವಸ್ತು ಇದ್ದಂತೆಯೇ ಇರುತ್ತದೆ. ಇಲ್ಲಿಯಾದರೋ ಲೋಹವೇ ಪದರವಾಗಿ ಪರಿಣಮಿಸುತ್ತದೆ. ಪದರದ ಸುಮಾರು ಅರ್ಧ ಒಳಕ್ಕಿಳಿದು, ಅರ್ಧ ಹೊರಕ್ಕೇಳುತ್ತದೆ. 50 ಮೈಕ್ರಾನ್ ಪದರವಾದರೆ ದಂಡದ ವ್ಯಾಸ ಹೆಚ್ಚುವುದು ಸುಮಾರು 50 ಮೈಕ್ರಾನ್ ಮಾತ್ರ. ಲೇಪವೆಂದು ನಂಬಿದವನು ಎರಡು ಪಕ್ಕಕ್ಕೂ ಸೇರಿ 100 ಮೈಕ್ರಾನ್ ಬಿಟ್ಟು ಕಡೆಯುತ್ತಾನೆ, ದಂಡವು ಸಡಿಲವಾಗುತ್ತದೆ. ಹೆಸರಿನ ತಪ್ಪು ಅಳತೆಯ ತಪ್ಪಾಗುವುದು ಹೀಗೆ.

ಹಾಗಾದರೆ ಕರ್ಣನದರಂತೆ ‘ಸಹಜಕವಚ’ವೆನ್ನಬಹುದೇ ಎಂದರೆ, ಅದೂ ಸಲ್ಲದು, ಇದು ಹುಟ್ಟಿನೊಡನೆ ಬಂದುದಲ್ಲ. ಪದರದ ದ್ರವ್ಯವೂ ಸಾಣೆಗೆ ಬಳಸುವ ಕುರುವಿಂದದ ದ್ರವ್ಯವೂ ರಸಾಯನದೃಷ್ಟಿಯಿಂದ ಒಂದೇ ಆದುದರಿಂದ ‘ಕುರುವಿಂದ’ವೆನ್ನೋಣವೇ? ಕುರುವಿಂದವು ಸ್ಫಟಿಕರೂಪವುಳ್ಳದ್ದು, ಈ ಪದರಕ್ಕೆ ಆ ರೂಪವಿಲ್ಲ. ಮೂಲಲೋಹಕ್ಕಿಂತ ಬಹಳ ಗಟ್ಟಿಯಾದರೂ ಕುರುವಿಂದದ ಕಾಠಿನ್ಯಕ್ಕೆ ಇದು ಮುಟ್ಟದು.

‘ತೊಗಟೆ’ಯೆಂಬ ನಮ್ಮ ಮಾತೇ ಇಲ್ಲಿ ಹೊಂದುತ್ತದೆಂದು ನನ್ನ ಮತ. ಮರದ ತೊಗಟೆಯಂತೆ ಇದು ಮೈಯಿಂದಲೇ ಬೆಳೆಯುತ್ತದೆ. ಮೇಲ್ಮೈಗೆ ಲಂಬವಾಗಿ ಬೆಳೆಯುವುದರಿಂದ ಚೂಪಾದ ಅಂಚುಗಳಲ್ಲಿ ಬಿರಿಯುವುದೂ ಉಂಟು. ಅದಕ್ಕಾಗಿ ಕುಶಲರು ಅಂಚನ್ನು ಮೊದಲೇ ಗುಂಡುಮಾಡುತ್ತಾರೆ. ಒಳ್ಳೆಯ ಹೆಸರು ವಸ್ತುವಿನ ಗುಣವನ್ನಲ್ಲದೆ ದೋಷವನ್ನೂ ಸೂಚಿಸಬೇಕು. ಪದವನ್ನು ಕಟ್ಟುವ ವಿದ್ವಾಂಸರು ಕಮ್ಮಟದ ಕೆಲಸವನ್ನೂ ಒಮ್ಮೆ ನೋಡಿ ನಿರ್ಣಯಿಸುವುದು ಯುಕ್ತ.